ಬೀಗರು ಜಡಿದ ಬೀಗ

“ಮಗಳನ್ನ ಯೂನಿವರ್ಸಿಟಿಗೆ ಸೇರಿಸೋದು ಅಂದ್ರೆ ಏನು ಮಹಾ! ಒಂದು ಒಳ್ಳೆ ಬೀಗ ಇದ್ರೆ ಮುಗೀತು!”

ಹೀಗೆಂದು ನಡುಮನೆಯಲ್ಲಿ ನಿಂತು ಘೋಷಿಸಿದವರು ಬೀಗರು. ಬೀಗರು ಎಂದೊಡನೆ ಹೆಣ್ಣಿನ ಕಡೆಯವರೋ ಗಂಡಿನ ಕಡೆಯವರೋ ಎಂದು ಕೇಳಬೇಡಿ. ಅವರಿಗಿರುವುದು ಒಬ್ಬಳೇ ಮಗಳು, ಅವಳಿಗಿನ್ನೂ ಮದುವೆಯ ಮಾತೇ ಇಲ್ಲ. ಬೀಗದ ಅಂಗಡಿ ಇಟ್ಟುಕೊಂಡ ತಪ್ಪಿಗೆ ಊರಿನವರೆಲ್ಲ ಸೇರಿ ಅವರನ್ನು ಬೀಗರನ್ನಾಗಿ ಮಾಡಿದ್ದರು. ಅವರಿಗೂ ಆ ಹೆಸರು ಒಪ್ಪಿಗೆಯಾಗಿತ್ತು. ಬೀಗುವುದಕ್ಕೆ ಅವರಿಗೆ ಅಷ್ಟು ನೆವ ಸಾಕಾಗಿತ್ತು.

ಅವರ ಅಂಗಡಿಯ ನಟ್ಟನಡುವೆ ಒಂದು ಬಾಗಿಲಿದೆ. ಎಲ್ಲಿಂದ ಎಲ್ಲಿಗೆ ಹೋಗುವ ಬಾಗಿಲು ಎಂದರೆ, ಎಲ್ಲಿಂದಲೂ ಎಲ್ಲಿಗೂ ಹೋಗದ ಬಾಗಿಲು. ಆಚೆ ಈಚೆ ಗೋಡೆಯಿಲ್ಲ. ಬರೀ ಒಂದು ಚೌಕಟ್ಟು, ಅದಕ್ಕೊಂದು ಗಟ್ಟಿಮರದ ಕದ, ಕದಕ್ಕೆ ಅಂಗಡಿಯ ಅತ್ಯುತ್ತಮ ಬೀಗ. ಗಿರಾಕಿ ಬಂದರೆ ಬೀಗರು ಅವನನ್ನು ಅದರ ಮುಂದೆ ನಿಲ್ಲಿಸಿ, ಕದವನ್ನು ಠಕ್ ಎಂದು ಮುಚ್ಚಿ, “ಈಗ ತೆಗೀರಿ ನೋಡೋಣ! ಕಳ್ಳನಿಗೂ ಆಗಲ್ಲ, ಕಳ್ಳನ ಅಪ್ಪನಿಗೂ ಆಗಲ್ಲ!” ಎನ್ನುತ್ತಾರೆ. ಗಿರಾಕಿ ಎಳೆದು, ನೂಕಿ, ಭುಜ ಕೊಟ್ಟು, ಕೊನೆಗೆ ಸೋತು ಬೆವರು ಒರೆಸಿಕೊಳ್ಳುತ್ತಾನೆ. ಆಗ ಬೀಗರು ಬಹಳ ಗಂಭೀರವಾಗಿ ಬಾಗಿಲನ್ನು ಬಳಸಿಕೊಂಡು ಹಿಂದಕ್ಕೆ ಹೋಗಿ, ಅಲ್ಲಿ ಮೊಳೆಗೆ ತೂಗುಹಾಕಿದ ಬೀಗದ ಕೈಗಳ ಗೊಂಚಲನ್ನು ತೆಗೆದುಕೊಂಡು, ಹೋದ ದಾರಿಯಲ್ಲೇ ಮರಳಿ ಬಂದು, ಕದ ತೆಗೆದು ತೋರಿಸುತ್ತಾರೆ. ಅಂಗಡಿ ತೆರೆದಂದಿನಿಂದ ಹೀಗೇ ನಡೆದು ಬಂದಿದೆ. ಈ ಒಂದು ಸುತ್ತು ಅವರ ಕಾಲಿಗೆ ಎಷ್ಟು ಅಭ್ಯಾಸವಾಗಿತ್ತೆಂದರೆ ತಲೆಯನ್ನು ಒಂದು ಮಾತೂ ಕೇಳದೆ ಕಾಲು ತಾನಾಗಿಯೇ ಹೊರಟುಬಿಡುತ್ತಿತ್ತು. ಈ ಕಾಲಿನ ವಿಷಯ ನೆನಪಿನಲ್ಲಿರಲಿ, ಮುಂದೆ ಬೇಕಾಗುತ್ತದೆ.

ಮಗಳಿಗೆ ದೂರದ ಮಹಾನಗರದ ವಿಶ್ವವಿದ್ಯಾಲಯದಲ್ಲಿ ಭೂವಿಜ್ಞಾನ ಓದಲು ಸೀಟು ಸಿಕ್ಕಿತ್ತು. ಚಿಕ್ಕಂದಿನಿಂದ ಜೇಬಿನಲ್ಲಿ ಕಲ್ಲು ತುಂಬಿಕೊಂಡು ಬರುತ್ತಿದ್ದ ಹುಡುಗಿ ಅವಳು. ಸೀಟು ಕೂಡ ಸುಲಭವಾಗಿ ಸಿಕ್ಕಿದ್ದಲ್ಲ, ಬೇಸಿಗೆಯೆಲ್ಲ ಕಾದು ಕಾದು, ಯಾರೋ ಬಿಟ್ಟುಕೊಟ್ಟಿದ್ದರಿಂದ ಕೊನೆಗಳಿಗೆಯಲ್ಲಿ ಒಲಿದದ್ದು. ಸೋಮವಾರ ಸಂಜೆ ನಾಲ್ಕು ಗಂಟೆಯೊಳಗೆ ಒರಿಜಿನಲ್ ಸರ್ಟಿಫಿಕೇಟುಗಳನ್ನು ಹಿಡಿದು ಖುದ್ದಾಗಿ ಕೌಂಟರಿನ ಮುಂದೆ ನಿಲ್ಲಬೇಕು. ತಪ್ಪಿದರೆ ಸೀಟು ಹಿಂದೆ ಕಾಯುತ್ತಿರುವವರ ಪಾಲು.

ಹಾಸ್ಟೆಲಿನಲ್ಲಿ ರೂಮೂ ಸಿಕ್ಕಿತ್ತು. ಹೊರಡುವ ದಿನ ಹತ್ತಿರ ಬಂದಂತೆ ಹುಡುಗಿಗೆ ಒಂದೊಂದೇ ಪ್ರಶ್ನೆ ಹುಟ್ಟಿಕೊಳ್ಳತೊಡಗಿತು.

“ಅಪ್ಪಾ, ಅಲ್ಲಿ ಬಟ್ಟೆ ಎಲ್ಲಿ ಒಗೀತಾರೆ?”

“ಎಲ್ಲಾದ್ರೂ ಒಗಿ. ಹೋಗುವಾಗ ರೂಮಿಗೆ ಬೀಗ ಹಾಕ್ಕೊಂಡು ಹೋಗು.”

“ಅಡುಗೆಮನೆ ಎಲ್ಲರಿಗೂ ಒಂದೇ ಅಂತೆ. ನನ್ನ ಹಾಲು ಯಾರಾದ್ರೂ ಕುಡಿದುಬಿಟ್ರೆ?”

“ಚಿಕ್ಕ ಬೀಗ ಕೊಡ್ತೀನಿ. ಹಾಲಿನ ಡಬ್ಬಕ್ಕೆ ಹಾಕ್ಕೋ.”

“ಲೈಬ್ರರಿ ಎಷ್ಟು ಹೊತ್ತಿನವರೆಗೆ ತೆಗೆದಿರುತ್ತೆ?”

“ಬೀಗ ಹಾಕೋವರೆಗೆ!”

ಹೆಂಡತಿ ಬಟ್ಟೆ ಮಡಿಸುತ್ತಾ ಕುಳಿತಿದ್ದರು. “ಅವಳು ಕೇಳ್ತಿರೋದೇನು, ನೀವು ಹೇಳ್ತಿರೋದೇನು? ಮಗಳನ್ನ ಓದೋಕೆ ಕಳಿಸ್ತಿದ್ದೀರೋ, ತಿಜೋರೀಲಿ ಇಡೋಕೋ?” ಎಂದರು.

“ನಿನಗೆ ಭದ್ರತೆ ಅಂದ್ರೆ ಏನು ಗೊತ್ತು? ಸ್ವಲ್ಪ ಹೊತ್ತು ಬಾಯಿಗೆ ಬೀಗ ಹಾಕ್ಕೋ!” ಎಂದ ಬೀಗರು ಮಗಳ ಕಡೆ ತಿರುಗಿ ತಮ್ಮ ಮುಖ್ಯ ಉಪದೇಶವನ್ನು ದಯಪಾಲಿಸಿದರು. “ನೋಡು ಪುಟ್ಟೀ, ಕತ್ತಲಾದ ಮೇಲೆ ಯಾರು ಬಂದು ಕರೆದ್ರೂ ಬಾಗಿಲು ತೆಗೀಬೇಡ. ಪಕ್ಕದ ರೂಮಿನವರಾಗ್ಲಿ, ಫ್ರೆಂಡ್ಸ್ ಆಗ್ಲಿ. ಅಷ್ಟೇ ಯಾಕೆ, ಅಪ್ಪನೇ ಬಂದ್ರೂ ತೆಗೀಬೇಡ!”

“ನೀವು ಬಂದ್ರೂನಾ?”

“ನಾನು ಬಂದ್ರೂ! ನನ್ನ ಹಾಗೇ ಧ್ವನಿ ಮಾಡಿ ಮೋಸ ಮಾಡೋರು ಇರ್ತಾರೆ.”

ಹುಡುಗಿ ತಲೆಯಾಡಿಸಿದಳು. ಅವಳು ಅಪ್ಪನ ಮಾತನ್ನು ಮರೆಯುವವಳಲ್ಲ.

ಸೋಮವಾರ ಮಧ್ಯಾಹ್ನ ಮೂವರೂ ಹಾಸ್ಟೆಲ್ ತಲುಪಿದರು. ಮಗಳ ಕೈಯಲ್ಲಿ ಪೆಟ್ಟಿಗೆ, ಅಮ್ಮನ ಕಂಕುಳಲ್ಲಿ ಹಾಸಿಗೆಯ ಸುರುಳಿ, ಬೀಗರ ಕೈಯಲ್ಲಿ ತಮ್ಮ ಸಲಕರಣೆಗಳ ಚೀಲ. ಚೀಲದೊಳಗೆ ಏನಿದೆ ಎಂದು ಹೆಂಡತಿ ದಾರಿಯುದ್ದಕ್ಕೂ ಕೇಳಿದರೂ ಅವರು ಬಾಯಿಬಿಟ್ಟಿರಲಿಲ್ಲ.

ರೂಮು ಮೂರನೇ ಮಹಡಿಯಲ್ಲಿ, ಉದ್ದನೆಯ ಕಾರಿಡಾರಿನ ಕೊನೆಯಲ್ಲಿತ್ತು. ಒಂದು ಕಬ್ಬಿಣದ ಮಂಚ, ಒಂದು ಟೇಬಲ್ಲು, ಬೀದಿಯ ಕಡೆಗೆ ಒಂದು ಸರಳಿನ ಕಿಟಕಿ. ಬಾಗಿಲು ಕಾರಿಡಾರಿನ ಕಡೆಗೆ ತೆರೆಯುವಂಥದು. ಬೆಂಕಿಗಿಂಕಿ ಬಿದ್ದರೆ ಒಳಗಿರುವವರು ನೂಕಿಕೊಂಡು ಹೊರಗೆ ಓಡಲಿ ಎಂದು ಹಾಗೆ ಮಾಡಿದ್ದರಂತೆ. ಬೀಗರು ಮಂಚ ನೋಡಲಿಲ್ಲ, ಕಿಟಕಿ ನೋಡಲಿಲ್ಲ, ನೇರವಾಗಿ ಬೀಗದ ಮುಂದೆ ಮಂಡಿಯೂರಿದರು. ಅದನ್ನು ಒಮ್ಮೆ ಅಲ್ಲಾಡಿಸಿದರು. ಸಭೆಯಲ್ಲಿ ಯಾರೋ ಮಾನ ಕಳೆದ ಹಾಗೆ ಅವರ ಮುಖ ಕಪ್ಪಿಟ್ಟಿತು.

“ಇದನ್ನ ಬೀಗ ಅಂತಾರಾ? ಇದರ ಮುಂದೆ ಜೋರಾಗಿ ಸೀನಿದ್ರೆ ತೆರೆದುಕೊಳ್ಳುತ್ತೆ!”

“ಇರ್ಲಿ ಬಿಡಿ ಅಪ್ಪಾ. ಮೊದಲು ಹೋಗಿ ರಿಜಿಸ್ಟ್ರೇಷನ್ ಮುಗಿಸಿ ಬರೋಣ,” ಎಂದಳು ಮಗಳು, ಸರ್ಟಿಫಿಕೇಟುಗಳ ಫೈಲನ್ನು ಟೇಬಲ್ಲಿನ ಮೇಲಿಡುತ್ತಾ.

“ಇನ್ನೂ ಬೇಕಾದಷ್ಟು ಹೊತ್ತಿದೆ. ನೀನು ಅಮ್ಮನಿಗೆ ಅಡುಗೆಮನೆ ತೋರಿಸ್ಕೊಂಡು ಬಾ. ಅಷ್ಟರಲ್ಲಿ ನಂದು ಒಂದೇ ನಿಮಿಷದ ಕೆಲಸ.”

ಅವರಿಬ್ಬರೂ ಅತ್ತ ಹೋದದ್ದೇ ತಡ, ಚೀಲದ ಬಾಯಿ ಬಿಚ್ಚಿತು. ಸ್ಕ್ರೂಡ್ರೈವರ್, ಉಳಿ, ಸುತ್ತಿಗೆ, ಕೊನೆಗೆ ವೆಲ್ವೆಟ್ ಬಟ್ಟೆಯಲ್ಲಿ ಸುತ್ತಿದ, ಅಂಗಡಿಯ ಆ ಗೋಡೆಯಿಲ್ಲದ ಬಾಗಿಲಿನಿಂದಲೇ ಬಿಚ್ಚಿ ತಂದಿದ್ದ ಆ ಅತ್ಯುತ್ತಮ ಬೀಗ! ಕದ ಮುಚ್ಚಿದರೆ ಸಾಕು, ತಾನಾಗಿಯೇ ಬಿದ್ದುಕೊಳ್ಳುವ ಜಾತಿಯದು. ಹಳೆಯ ಬೀಗ ಬಿಚ್ಚಿ ಚೀಲಕ್ಕೆ ಹಾಕಿದರು. ಹೊಸದನ್ನು ಕೂರಿಸಿದರು. ಬೀಗದ ಕೈಗಳೆಲ್ಲ ಒಂದೇ ಗೊಂಚಲಿನಲ್ಲಿರಬೇಕು ಎನ್ನುವುದು ಅವರ ನಿಯಮ. ಹಾಗಾಗಿ ಹೊಸ ಬೀಗದ ಎಲ್ಲ ಕೈಗಳೂ, ಮನೆಯ ಕೈಯೂ, ಅಂಗಡಿಯ ಕೈಯೂ ಇದ್ದ ಗೊಂಚಲನ್ನು ಮಗಳ ಟೇಬಲ್ಲಿನ ಮೇಲೆ, ಫೈಲಿನ ಪಕ್ಕದಲ್ಲೇ ಇಟ್ಟರು. ಚೀಲವನ್ನು ಮಂಚದ ಕೆಳಗೆ ತಳ್ಳಿದರು. ಕೈ ಝಾಡಿಸಿಕೊಂಡು ಕಾರಿಡಾರಿಗೆ ಬಂದರು.

ತಾಯಿ ಮಗಳು ಮರಳಿ ಬರುವಾಗ ಅವರ ಜೊತೆ ಇನ್ನಿಬ್ಬರು ಹುಡುಗಿಯರಿದ್ದರು. ಒಬ್ಬಳು ಎದುರು ರೂಮಿನವಳು, ಮಾತಿನ ಮಲ್ಲಿ. ಇನ್ನೊಬ್ಬಳು ಕನ್ನಡಕದವಳು, ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದುತ್ತಿದ್ದಳು. ಪ್ರೇಕ್ಷಕರು ಸಿಕ್ಕಿದರೆ ಬೀಗರಿಗೆ ಮೈಮೇಲೆ ಬಂದ ಹಾಗಾಗುತ್ತದೆ.

“ಬನ್ನಿ ಬನ್ನಿ! ಎಲ್ಲ ಇಲ್ಲಿ ನಿಂತು ನೋಡಿ,” ಎಂದು ಕದವನ್ನು ಹಿಡಿದು ಒಂದೇ ಏಟಿಗೆ ಮುಚ್ಚಿದರು. ಠಕ್! ಆ ಸದ್ದು ಕಾರಿಡಾರಿನ ಆ ತುದಿಯವರೆಗೂ ಕೇಳಿಸಿತು. “ಈಗ ತೆಗೀರಿ ನೋಡೋಣ! ಕಳ್ಳನಿಗೂ ಆಗಲ್ಲ, ಕಳ್ಳನ ಅಪ್ಪನಿಗೂ ಆಗಲ್ಲ!”

ಕನ್ನಡಕದವಳಿಗೆ ಹುರುಪು ಬಂತು. ಹಿಡಿ ಎಳೆದಳು. ಹೇರ್‌ಪಿನ್ ತೆಗೆದು ತೂರಿಸಿದಳು, ಪಿನ್ ಡೊಂಕಾಯಿತು. ತನ್ನ ಲೈಬ್ರರಿ ಕಾರ್ಡನ್ನು ಸಂದಿಯಲ್ಲಿ ಇಳಿಸಿದಳು, ಕಾರ್ಡಿನ ಮೂಲೆ ಮುರಿಯಿತು. “ಸೂಪರ್ ಲಾಕ್ ಅಂಕಲ್!” ಎಂದು ಸೋಲೊಪ್ಪಿಕೊಂಡಳು.

ಬೀಗರು ಮುಗುಳ್ನಕ್ಕರು. ಈಗ ಗೊಂಚಲು ತಂದು ತೋರಿಸುವ ಗಳಿಗೆ. ಎಂದಿನಂತೆ ಬಹಳ ಗಂಭೀರವಾಗಿ ಎಡಕ್ಕೆ ತಿರುಗಿ, ಬಾಗಿಲನ್ನು ಬಳಸಿಕೊಂಡು ಹಿಂದಕ್ಕೆ ಹೋಗಲು ಹೆಜ್ಜೆ ಹಾಕಿದರು.

ಅಲ್ಲಿ ಗೋಡೆಯಿತ್ತು.

ಹಣೆ ಗೋಡೆಗೆ ತಾಕಿದ ಮೇಲೂ ಅವರು ಸ್ವಲ್ಪ ಹೊತ್ತು ಹಾಗೆಯೇ ನಿಂತಿದ್ದರು. ಗೋಡೆ ಯಾಕೆ ಇದೆ ಎಂದು ಅವರಿಗೆ ಅರ್ಥವಾಗಲು ಅಷ್ಟು ಹೊತ್ತು ಬೇಕಾಯಿತು.

“ಯಾಕೆ ರೀ, ಗೋಡೆ ಜೊತೆ ಏನು ಗುಟ್ಟು?” ಎಂದರು ಹೆಂಡತಿ.

ಬೀಗರು ನಿಧಾನವಾಗಿ ತಿರುಗಿದರು. ಮುಖ ಹುಳ್ಳಗಾಗಿತ್ತು. “ಗೊಂಚಲು…”

“ಗೊಂಚಲು?”

“ಒಳಗಿದೆ.”

“ಒಂದು ಕೈಯಾದ್ರೂ ಜೇಬಲ್ಲಿ ಇಟ್ಕೊಂಡಿಲ್ವಾ?”

“ಎಲ್ಲ ಒಂದೇ ಕಡೆ ಇರ್ಬೇಕು ಅನ್ನೋದು ನನ್ನ ನಿಯಮ ಅಲ್ವೇನೇ!”

“ನಿಮ್ಮ ಸ್ಕ್ರೂಡ್ರೈವರು, ಸುತ್ತಿಗೆ?”

“ಮಂಚದ ಕೆಳಗೆ.”

“ಅಪ್ಪಾ!” ಎಂದಳು ಮಗಳು. ಅವಳ ದನಿ ಬದಲಾಗಿತ್ತು. “ನನ್ನ ಫೈಲು!”

ಆಗ ಎಲ್ಲರಿಗೂ ಆದ ಅನಾಹುತದ ಅಳತೆ ಸಿಕ್ಕಿತು. ನಾಲ್ಕು ಗಂಟೆಗೆ ಕೌಂಟರು ಮುಚ್ಚುತ್ತದೆ. ಬೇಸಿಗೆಯೆಲ್ಲ ಕಾದು ಪಡೆದ ಸೀಟು ಈಗ ಟೇಬಲ್ಲಿನ ಮೇಲೆ, ಕಳ್ಳನ ಅಪ್ಪನಿಗೂ ತೆಗೆಯಲಾಗದ ಬೀಗದ ಆಚೆ ಕುಳಿತಿದೆ.

“ಕಳ್ಳನ ಅಪ್ಪನ ಕಥೆ ಹಾಗಿರ್ಲಿ. ಮಗಳ ಅಪ್ಪನಿಗೆ ಏನಾದ್ರೂ ದಾರಿ ಇದೆಯಾ?” ಎಂದರು ಹೆಂಡತಿ. ಆಮೇಲೆ ಬಾಗಿಲನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ, “ಅಲ್ಲಾ ರೀ, ಈ ಬಾಗಿಲು—” ಎಂದು ಶುರುಮಾಡಿದರು.

“ಬೀಗದ ವಿಷಯದಲ್ಲಿ ನೀನು ಮಾತಾಡ್ಬೇಡ! ನನಗೆ ಯೋಚನೆ ಮಾಡೋಕೆ ಬಿಡು!”

ಆಕೆ ಪಕ್ಕಕ್ಕೆ ಸರಿದು ನಿಂತರು.

ಸುದ್ದಿ ಹಬ್ಬಲು ಎಷ್ಟು ಹೊತ್ತು? ಅರೆಗಳಿಗೆಯಲ್ಲಿ ಇಡೀ ಮಹಡಿಯ ಹುಡುಗಿಯರು ಬಾಗಿಲ ಮುಂದೆ ನೆರೆದರು. ಒಬ್ಬೊಬ್ಬಳದು ಒಂದೊಂದು ಉಪಾಯ. ಉಗುರು ಕತ್ತರಿಸುವ ಸಾಧನದಿಂದ ಹಿಡಿದು ಜ್ಯಾಮಿಟ್ರಿ ಕಂಪಾಸಿನವರೆಗೆ ಎಲ್ಲವೂ ಬೀಗದ ಬಾಯಿಗೆ ಹೋಗಿ ಸೋತು ಬಂದವು. ಇಲ್ಲಿ ಬೀಗರ ಮನಸ್ಸಿನೊಳಗೆ ನಡೆಯುತ್ತಿದ್ದುದನ್ನು ಮುಚ್ಚಿಡುವಂತಿಲ್ಲ. ಒಬ್ಬೊಬ್ಬಳು ಸೋತಾಗಲೂ ಅವರ ಎದೆ ಧಸಕ್ ಎನ್ನುತ್ತಿತ್ತು, ಆದರೆ ಅದೇ ಎದೆ ಒಂದಿಷ್ಟು ಉಬ್ಬುತ್ತಲೂ ಇತ್ತು! ಒಬ್ಬ ಹುಡುಗಿ ಬೀಗ ಸ್ವಲ್ಪ ಅಲ್ಲಾಡಿತು ಎಂದಾಗ “ಅಲ್ಲಾಡಿರಲ್ಲ, ನಿನ್ನ ಕೈ ಅಲ್ಲಾಡಿರ್ಬೇಕು” ಎಂದೇ ಬಿಟ್ಟರು. ಹೆಂಡತಿ ನೋಡಿದ ನೋಟಕ್ಕೆ ಕತ್ತು ತಗ್ಗಿಸಿದರು.

“ನೀನು ಎಂಜಿನಿಯರ್ ಅಲ್ವೇನಮ್ಮಾ, ನಿನ್ನ ಹತ್ರ ಒಂದು ಸ್ಕ್ರೂಡ್ರೈವರ್ ಇಲ್ವಾ?” ಎಂದು ಕನ್ನಡಕದವಳನ್ನು ಕೇಳಿದರು.

“ಮೊದಲನೇ ವರ್ಷ ಬರೀ ಅದರ ಚಿತ್ರ ಬಿಡಿಸ್ತೀವಿ ಅಂಕಲ್,” ಎಂದಳು ಅವಳು.

ಅಷ್ಟರಲ್ಲಿ ವಾರ್ಡನ್ ಬಂದರು. ಎತ್ತರದ, ಬಿಗಿಮುಖದ ಹೆಂಗಸು. ಸೊಂಟಕ್ಕೆ ಸಿಕ್ಕಿಸಿದ್ದ ಮಾಸ್ಟರ್ ಕೀ ತೆಗೆದು, “ಇದಕ್ಕೆ ತೆರೆಯದ ಬಾಗಿಲು ಈ ಕಟ್ಟಡದಲ್ಲಿಲ್ಲ. ಸರೀರಿ ಎಲ್ಲ,” ಎಂದರು. ಕೀ ಒಳಗೇ ಹೋಗಲಿಲ್ಲ. ತಿರುಗಿಸಿ ಹಾಕಿದರು. ತಲೆಕೆಳಗು ಮಾಡಿ ಹಾಕಿದರು. “ಇದೇನಿದು? ಹೋದ ವಾರ ಸರಿಯಾಗಿತ್ತಲ್ಲ. ಯಾರಾದ್ರೂ ಬೀಗ ಬದಲಾಯಿಸಿದ್ದೀರಾ?”

ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರೂ ಉಸಿರೆತ್ತಲಿಲ್ಲ. ಬೀಗರೂ ಮೇಲಿನ ಫ್ಯಾನ್ ನೋಡುತ್ತಾ ನಿಂತರು. ಹಾಗೇ ನಿಂತಿದ್ದರೆ ಪಾರಾಗುತ್ತಿದ್ದರು. ಆದರೆ ವಾರ್ಡನ್ ಬೇಸರದಿಂದ ಬೀಗದ ಮೇಲೆ ಒಂದು ಏಟು ಹಾಕಿ, “ಏನು ದರಿದ್ರ ಬೀಗ ಇದು!” ಎಂದುಬಿಟ್ಟರು.

“ದರಿದ್ರ?” ಬೀಗರ ಮೈ ಉರಿದುಹೋಯಿತು. “ದರಿದ್ರ ಅಂದ್ರಾ? ಅಮ್ಮಾ, ಇದು ನಮ್ಮ ಅಂಗಡೀಲಿ ಇರೋದರಲ್ಲೇ ಒಂದನೇ ನಂಬರ್! ದರಿದ್ರ ಅಂದ್ರೆ ನೀವು ಹಾಕಿಸಿದ್ದೀರಲ್ಲ ಹಳೇದು, ಅದು! ನಾನು ನನ್ನ ಕೈಯ್ಯಾರೆ ಅದನ್ನ ಬಿಚ್ಚಿ…”

ಬಿಚ್ಚಿ ಎಂಬಲ್ಲಿಗೆ ಅವರಿಗೆ ತಾವು ಏನು ಬಿಚ್ಚಿಟ್ಟೆವೆಂದು ತಿಳಿಯಿತು.

“ಓಹೋ,” ಎಂದರು ವಾರ್ಡನ್. “ಇಲ್ಲಿ ಬೀಗ ಮುಟ್ಟಿದವರಿಗೆ ರೂಮಿಲ್ಲ. ಮೊದಲ ದಿನ ಅಂತ ಬಿಡ್ತಿದ್ದೀನಿ. ನಾನು ಸಂಜೆ ರೌಂಡ್ಸ್‌ಗೆ ಬರೋ ಹೊತ್ತಿಗೆ ಹಳೇ ಬೀಗ ಅದರ ಜಾಗದಲ್ಲಿರ್ಬೇಕು. ಬಾಗಿಲು ಒಡೆಯೋ ಹಾಗಿಲ್ಲ. ಇಲ್ಲಾಂದ್ರೆ ಮಗಳನ್ನ ವಾಪಸ್ ಕರ್ಕೊಂಡು ಹೋಗಿ.”

“ಹಳೇ ಬೀಗ ಎಲ್ಲಿ ರೀ?” ಎಂದು ಹೆಂಡತಿ ಕಿವಿಯಲ್ಲಿ ಕೇಳಿದರು.

“ಅದೂ ಮಂಚದ ಕೆಳಗೆ,” ಎಂದರು ಬೀಗರು.

ಈಗ ಸೀಟೂ ಒಳಗೆ, ರೂಮೂ ಒಳಗೆ, ಮಾನವಂತೂ ಮೊದಲೇ ಒಳಗೆ ಸೇರಿಕೊಂಡಿತ್ತು. ಬೀಗರು ಗೋಡೆಗೆ ಒರಗಿ ಕುಳಿತರು. “ಅಲ್ಲಾ ರೀ, ಈ ಬಾಗಿಲಿಗೆ—” ಎಂದು ಹೆಂಡತಿ ಮತ್ತೆ ಬಾಯಿ ತೆರೆದರು. “ದಮ್ಮಯ್ಯ, ಸುಮ್ನಿರು ಮಾರಾಯ್ತಿ! ಕಂಪನಿಯವರಿಗೇ ಇದರ ಕೈ ನಕಲು ಮಾಡೋಕೆ ಬರಲ್ಲ, ನಿನಗೇನು ಗೊತ್ತಾಗುತ್ತೆ?” ಎಂದು ಬೀಗರು ಕಣ್ಣು ಮುಚ್ಚಿದರು.

ಕಣ್ಣು ಮುಚ್ಚಿದರೂ ಕಿವಿ ತೆರೆದಿತ್ತು. ಪಕ್ಕದಲ್ಲಿ ಮಗಳ ಸುತ್ತ ಹುಡುಗಿಯರು ನೆಲದ ಮೇಲೇ ಕುಳಿತು ಅವಳಿಗೆ ಸಮಾಧಾನ ಹೇಳುತ್ತಿದ್ದರು. ಸಮಾಧಾನ ಮುಗಿದು ಮಾತು ಬೇರೆ ಕಡೆ ಹೊರಳಿತು.

“ಬಟ್ಟೆ ಒಗೆಯೋ ಮಷೀನು ಕೆಳಗಡೆ ಇದೆ. ಭಾನುವಾರ ಮಾತ್ರ ಹೋಗ್ಬೇಡ, ಕ್ಯೂ ಮುಗಿಯೋದೇ ಇಲ್ಲ.”

“ಹಾಲಿನ ಮೇಲೆ ಹೆಸರು ಬರಿ. ಹೆಸರು ಬರೆದ್ರೂ ಕುಡೀತಾರೆ, ಆದ್ರೆ ಮಾರನೇ ದಿನ ಕೇಳಿ ವಾಪಸ್ ಇಡ್ತಾರೆ. ಕುಡಿಯೋಳು ಇವಳೇ!”

“ಲೈಬ್ರರೀಲಿ ಕಿಟಕಿ ಪಕ್ಕದ ಸೀಟು ಬೇಕು ಅಂದ್ರೆ ಬೆಳಿಗ್ಗೆನೇ ಹೋಗು. ಪರೀಕ್ಷೆ ಟೈಮಲ್ಲಿ ರಾತ್ರಿಯೆಲ್ಲ ತೆಗೆದಿರುತ್ತೆ.”

“ಭೂವಿಜ್ಞಾನನಾ? ಅವರು ಕಲ್ಲು ಹುಡುಕೋಕೆ ಗುಡ್ಡಕ್ಕೆ ಕರ್ಕೊಂಡು ಹೋಗ್ತಾರೆ. ಹೊಸ ಶೂ ಹಾಕ್ಕೊಂಡು ಹೋಗ್ಬೇಡ, ಕಾಲಿಗೆ ಬೊಬ್ಬೆ ಬರುತ್ತೆ.”

ತಾವು ಬೀಗವೊಂದನ್ನೇ ಉತ್ತರವಾಗಿ ಕೊಟ್ಟಿದ್ದ ಪ್ರಶ್ನೆಗಳಿಗೆಲ್ಲ ಮುಚ್ಚಿದ ಬಾಗಿಲಿನ ಈಚೆ ಕಡೆ ಹೀಗೆ ಬೇರೆ ಉತ್ತರಗಳು ಸಿಗುತ್ತಿರುವುದನ್ನು ಬೀಗರು ಕೇಳುತ್ತಾ ಕುಳಿತರು. ಅವರಿಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು. ತಮ್ಮನ್ನು ಯಾರೂ ಏನೂ ಕೇಳುತ್ತಿರಲಿಲ್ಲ.

“ಗಂಟೆ ಮೂರೂವರೆ ಆಯ್ತು,” ಎಂದಳು ಮಗಳು ಇದ್ದಕ್ಕಿದ್ದಂತೆ.

ಎದುರು ರೂಮಿನ ಮಾತಿನ ಮಲ್ಲಿ ಎದ್ದು ನಿಂತಳು. “ನಾನು ಹೋಗಿ ಕೌಂಟರ್ ಮುಂದೆ ಕ್ಯೂನಲ್ಲಿ ನಿಂತಿರ್ತೀನಿ. ನೀನು ಫೈಲ್ ಹಿಡ್ಕೊಂಡು ಓಡಿ ಬಾ. ಅಲ್ಲಿವರೆಗೆ ಆ ಗುಮಾಸ್ತರನ್ನ ಮಾತಾಡಿಸ್ತಾ ಇರ್ತೀನಿ,” ಎಂದು ಮೆಟ್ಟಿಲಿಳಿದು ಓಡಿದಳು. ಬೀಗರು ಕಣ್ಣು ತೆರೆದು ನೋಡಿದರು. ಇಂಥ ಹುಡುಗಿ ಬಂದರೂ ಬಾಗಿಲು ತೆಗೆಯಬೇಡ ಎಂದಲ್ಲವೇ ತಾವು ಮಗಳಿಗೆ ಉಪದೇಶ ಮಾಡಿದ್ದು!

ಮಗಳು ಬಾಗಿಲನ್ನೇ ನೋಡುತ್ತಾ ನಿಂತಿದ್ದಳು. ಅಳುತ್ತಿರಲಿಲ್ಲ, ಅತ್ತಿದ್ದರೆ ಬೈದು ಸುಮ್ಮನಾಗಿಸಬಹುದಿತ್ತು. ತುಟಿ ಕಚ್ಚಿಕೊಂಡು, ಕಣ್ಣು ತುಂಬಿಕೊಂಡು, ಅಪ್ಪನ ಕಡೆ ಒಮ್ಮೆಯೂ ತಿರುಗಿ ನೋಡದೆ ನಿಂತಿದ್ದಳು. ಇಷ್ಟು ದಿನ ಮಾರಿದ ಬೀಗಗಳಲ್ಲಿ ಒಂದಾದರೂ ಕಳಪೆಯಾಗಿದ್ದು, ಅದೇ ಈ ಬಾಗಿಲಿಗೆ ಬಿದ್ದಿರಬಾರದಿತ್ತೇ ಎಂದು ಬೀಗರು ಜೀವನದಲ್ಲಿ ಮೊದಲ ಸಲ ಆಸೆಪಟ್ಟರು.

“ಒಡೆದುಬಿಡಿ,” ಎಂದರು. “ವಾರ್ಡನ್ ಏನಾದ್ರೂ ಹೇಳ್ಲಿ. ಬೀಗ ಒಡೆದುಬಿಡಿ.”

ಕನ್ನಡಕದವಳು ತಲೆಯಲ್ಲಾಡಿಸಿದಳು. “ಒಡೆಯಲ್ಲ ಅಂಕಲ್. ತುಂಬಾ ಒಳ್ಳೇ ಬೀಗ ಇದು.”

ಬೀಗವನ್ನು ಹೊಗಳಿದ್ದಕ್ಕೆ ಬೀಗರಿಗೆ ಅಳು ಬಂದದ್ದು ಅದೇ ಮೊದಲು.

ಮಗಳು ಕಣ್ಣೊರೆಸಿಕೊಂಡು ತಾಯಿಯ ಕಡೆ ತಿರುಗಿದಳು. “ಅಮ್ಮಾ, ಆಗ್ಲಿಂದ ನೀನೇನೋ ಹೇಳ್ಬೇಕು ಅಂತಿದ್ದೆ. ಏನದು?”

“ನನಗೆ ಬೀಗದ ವಿಷಯ ಗೊತ್ತಿಲ್ಲಮ್ಮಾ. ನಾನು ಬೀಗದ ವಿಷಯ ಹೇಳೋಕೂ ಹೋಗಿಲ್ಲ,” ಎಂದರು ಆಕೆ. “ಬಾಗಿಲಿನ ವಿಷಯ ಹೇಳ್ತಿದ್ದೆ. ಹೊರಗಡೆ ತೆರೆಯೋ ಬಾಗಿಲು ಅಲ್ವಾ? ಕೀಲೆಲ್ಲ ಈಚೆ ಕಡೇನೇ ಇದೆ ನೋಡು.”

ಎಲ್ಲರ ಕಣ್ಣೂ ಬೀಗದಿಂದ ಬಾಗಿಲಿನ ಇನ್ನೊಂದು ಅಂಚಿಗೆ ಹೊರಳಿತು. ಮೇಲೊಂದು, ನಡುವೆ ಒಂದು, ಕೆಳಗೊಂದು. ಕಾರಿಡಾರಿನ ಕಡೆಗೇ ಮೈಯೊಡ್ಡಿಕೊಂಡು, ಕೈಗೆಟಕುವ ಹಾಗೆ, ಮೂರು ಕಬ್ಬಿಣದ ಕೀಲುಗಳು! ಒಂದೊಂದರ ನಡುವೆ ಒಂದೊಂದು ಕಡ್ಡಿ. ಕಡ್ಡಿ ಎತ್ತಿದರೆ ಬಾಗಿಲಿಗೂ ಚೌಕಟ್ಟಿಗೂ ಸಂಬಂಧ ಮುಗಿಯಿತು. ಅಷ್ಟು ಹೊತ್ತೂ ಒಬ್ಬರೂ ಆ ಕಡೆ ನೋಡಿರಲಿಲ್ಲ. ಬೀಗರು ಎಲ್ಲರ ಕಣ್ಣನ್ನೂ ಬೀಗಕ್ಕೇ ಕಟ್ಟಿಹಾಕಿದ್ದರು.

“ನಿನಗೆ… ನಿನಗೆ ಹೇಗೆ ಗೊತ್ತು?”

“ನೀವು ಅಂಗಡೀಲಿ ಬೀಗ ಒರೆಸ್ತಾ ಕೂತಿರ್ತೀರಿ. ಆ ಬಾಗಿಲಿನ ಕೀಲು ಕಿರ್‌ಗುಟ್ಟದ ಹಾಗೆ ಎಣ್ಣೆ ಹಾಕೋರು ಯಾರು ಅಂದ್ಕೊಂಡಿದ್ದೀರಿ?”

ಮುಂದಿನ ಕೆಲಸ ಮಿಂಚಿನ ಹಾಗೆ ನಡೆಯಿತು. ಅಡುಗೆಮನೆಯಿಂದ ಒಂದು ಉದ್ದ ಹಿಡಿಯ ಚಮಚ ಬಂತು, ಒಂದು ಲಟ್ಟಣಿಗೆ ಬಂತು. ಕನ್ನಡಕದವಳು ಚಮಚದ ಹಿಡಿಯನ್ನು ಕಡ್ಡಿಯ ಬುಡಕ್ಕೆ ಕೊಟ್ಟು ಹಿಡಿದಳು. ಬೀಗರ ಹೆಂಡತಿ ಸೆರಗು ಸಿಕ್ಕಿಸಿಕೊಂಡು ಲಟ್ಟಣಿಗೆಯಿಂದ ಕೆಳಗಿನಿಂದ ಮೇಲಕ್ಕೆ ಬಾರಿಸಿದರು. ಒಂದೊಂದು ಏಟಿಗೂ ಹುಡುಗಿಯರು “ಹೋ!” ಎಂದರು. ಆ ಏಟಿನಲ್ಲಿ ಕೀಲಿಗೆ ಸಲ್ಲಬೇಕಾದ್ದು ಎಷ್ಟು, ಗಂಡನಿಗೆ ಸಲ್ಲಬೇಕಾದ್ದು ಎಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ. ಕಡ್ಡಿಗಳು ಒಂದರ ಹಿಂದೊಂದು ಟಣ್ ಎಂದು ನೆಲಕ್ಕೆ ಬಿದ್ದವು. ಎಲ್ಲರೂ ಸೇರಿ ಆ ಅಂಚನ್ನು ಹಿಡಿದೆಳೆದರು. ಬಾಗಿಲು ಎಂದೂ ತೆರೆಯಬಾರದ ಕಡೆಯಿಂದ ತೆರೆದುಕೊಂಡಿತು. ಅತ್ಯುತ್ತಮ ಬೀಗ ಮಾತ್ರ ತನ್ನ ಕಡೆಯ ಅಂಚಿನಲ್ಲಿ ನಾಲಗೆ ಚಾಚಿಕೊಂಡು, ತನ್ನಿಂದೇನೂ ತಪ್ಪಾಗಿಲ್ಲ ಎಂಬಂತೆ ಭದ್ರವಾಗಿಯೇ ಇತ್ತು.

ಮಗಳು ಒಳಗೆ ನುಗ್ಗಿ ಫೈಲು ಹಿಡಿದು ಓಡಿದಳು. ಅವಳ ಹಿಂದೆ ಅರ್ಧ ಮಹಡಿ ಓಡಿತು. ಹಿಂದೆ ಉಳಿದವರು ಬೀಗರು, ಹೆಂಡತಿ ಮತ್ತು ಗೋಡೆಗೆ ಒರಗಿಸಿದ ಬಾಗಿಲು.

ಬೀಗರು ಮಂಚದ ಕೆಳಗಿನಿಂದ ಚೀಲ ಎಳೆದರು. ಬಾಗಿಲನ್ನು ಕೀಲಿಗೆ ಕೂರಿಸಿದರು. ಒಂದನೇ ನಂಬರನ್ನು ಬಿಚ್ಚಿ ವೆಲ್ವೆಟ್ಟಿನಲ್ಲಿ ಸುತ್ತಿದರು. ಸೀನಿದರೆ ತೆರೆದುಕೊಳ್ಳುವ ಆ ಹಳೆಯ ಬೀಗವನ್ನು ಅದರ ಜಾಗದಲ್ಲಿಟ್ಟು, ಒಂದೊಂದೇ ಸ್ಕ್ರೂ ತಿರುಗಿಸಿದರು. ಎಲ್ಲ ಮುಗಿಯುವವರೆಗೂ ಹೆಂಡತಿ ಲಟ್ಟಣಿಗೆ ಹಿಡಿದುಕೊಂಡೇ ಕುಳಿತಿದ್ದರು.

ಮೆಟ್ಟಿಲ ಮೇಲೆ ಗದ್ದಲ ಕೇಳಿಸಿತು. ಮಾತಿನ ಮಲ್ಲಿಯ ದನಿ ಎಲ್ಲರಿಗಿಂತ ಮೇಲಿತ್ತು. “ಅಂಕಲ್! ಆಯ್ತು! ಗುಮಾಸ್ತರು ಕಿಟಕಿ ಎಳೀತಿದ್ರು. ನಾನು ಅದಕ್ಕೆ ಕೈ ಅಡ್ಡ ಹಿಡಿದು ಅವರ ಮೊಮ್ಮಕ್ಕಳ ವಿಷಯ ಕೇಳ್ತಾ ನಿಂತಿದ್ದೆ!” ಮಗಳು ಏದುಸಿರು ಬಿಡುತ್ತಾ ನಗುತ್ತಿದ್ದಳು. ಬೀಗರು ಅವಳ ತಲೆ ಸವರಿದರು. ಏನೋ ಹೇಳಬೇಕೆಂದು ಬಾಯಿ ತೆರೆದರು. ಬಂದದ್ದು ಇಷ್ಟೇ: “ಬೀಗ… ಹಳೇದೇ ಹಾಕಿದ್ದೀನಿ.”

“ಸಾಕು ಅಪ್ಪಾ,” ಎಂದಳು ಮಗಳು.

ಸಂಜೆ ರೌಂಡ್ಸಿಗೆ ಬಂದ ವಾರ್ಡನ್ ಮಾಸ್ಟರ್ ಕೀ ಹಾಕಿ ತಿರುಗಿಸಿ ನೋಡಿ, ಮುಂದೆ ಹೋದರು. ಗಂಡ ಹೆಂಡತಿ ಮಗಳನ್ನು ಬೀಳ್ಕೊಂಡು ಬಸ್‌ಸ್ಟ್ಯಾಂಡಿಗೆ ನಡೆದರು. ಬಸ್ಸು ಬಂದು ನಿಂತಿತು. ಬೀಗರು ಒಂದು ಕಾಲು ಮೆಟ್ಟಿಲ ಮೇಲಿಟ್ಟು, ಅಭ್ಯಾಸದಂತೆ ಜೇಬು ಮುಟ್ಟಿ ನೋಡಿಕೊಂಡರು. ಕಾಲು ಹಾಗೆಯೇ ನಿಂತಿತು.

“ಈಗೇನು?” ಎಂದರು ಹೆಂಡತಿ.

“ಗೊಂಚಲು,” ಎಂದರು ಬೀಗರು. “ಅವಳ ಟೇಬಲ್ ಮೇಲೇ ಇದೆ.”

ಮನೆಯ ಬಾಗಿಲಿಗೂ ಅದೇ ಜಾತಿಯ ಬೀಗ. ಅದರ ಕೀಲು ಮಾತ್ರ ಒಳಗಡೆ!

ಮರಳಿ ಬರುವಷ್ಟರಲ್ಲಿ ಕತ್ತಲಾಗಿತ್ತು. ಹೊರಗಿನವರಿಗೆ ಗೇಟು ಮುಚ್ಚಿತ್ತು. ಬೀಗರು ಬೀದಿಯಲ್ಲಿ ನಿಂತು ಮೂರನೇ ಮಹಡಿಯ ಕೊನೆಯ ಕಿಟಕಿಯನ್ನು ನೋಡಿದರು. ಒಳಗೆ ದೀಪವಿತ್ತು, ಏಳೆಂಟು ಜನ ಒಟ್ಟಿಗೆ ನಗುವ ಸದ್ದಿತ್ತು. ಆ ನಗುವಿನ ನಡುವೆ ಮಗಳ ನಗು ಯಾವುದೆಂದು ಅವರಿಗೆ ಗೊತ್ತಾಯಿತು. ಬಹಳ ದಿನದ ಹೊರೆಯೊಂದು ಇಳಿದ ಹಾಗಾಯಿತು.

“ಪುಟ್ಟೀ! ಪುಟ್ಟೀ!”

ಸರಳಿನ ಹಿಂದೆ ಒಂದು ತಲೆ ಕಾಣಿಸಿತು. “ಯಾರು?”

“ನಾನು ಕಣೇ, ನಿನ್ನ ಅಪ್ಪ! ಗೊಂಚಲು ಬಿಟ್ಟು ಹೋಗಿದ್ದೀನಿ. ಕೆಳಗೆ ಬಂದು ಗೇಟು ತೆಗೆಸು!”

ಕಿಟಕಿಯಲ್ಲಿ ಸ್ವಲ್ಪ ಗುಸುಗುಸು ನಡೆಯಿತು. ಆಮೇಲೆ ಮಗಳ ದನಿ ಬಹಳ ವಿನಯದಿಂದ ಕೇಳಿಬಂತು. “ಕ್ಷಮಿಸಿ. ಕತ್ತಲಾದ ಮೇಲೆ ಅಪ್ಪನೇ ಬಂದ್ರೂ ಬಾಗಿಲು ತೆಗೀಬೇಡ ಅಂತ ನಮ್ಮಪ್ಪ ಹೇಳಿದ್ದಾರೆ.”

“ಅಯ್ಯೋ! ಹೇಳಿದ ಅಪ್ಪ ನಾನೇ ಕಣೇ!”

“ಅವರ ಹಾಗೇ ಧ್ವನಿ ಮಾಡೋರು ಇರ್ತಾರಂತೆ.”

ಮೇಲೆ ಹುಡುಗಿಯರ ನಗು ಭೋರ್ಗರೆಯಿತು. ಬೀಗರು ಸಹಾಯಕ್ಕಾಗಿ ಹೆಂಡತಿಯ ಕಡೆ ನೋಡಿದರು. “ನನ್ನನ್ನ ಯಾಕೆ ನೋಡ್ತೀರಿ? ಬೀಗದ ವಿಷಯದಲ್ಲಿ ನಾನು ಮಾತಾಡೋ ಹಾಗಿಲ್ವಲ್ಲ,” ಎಂದರು ಆಕೆ.

“ನೀವು ನಿಜವಾಗ್ಲೂ ನಮ್ಮಪ್ಪನೇ ಆಗಿದ್ರೆ,” ಎಂದಳು ಮಗಳು ಮೇಲಿನಿಂದ, “ಒಂದು ಪ್ರಶ್ನೆಗೆ ಉತ್ತರ ಹೇಳಿ. ಬಾಗಿಲು ಮುಚ್ಚಿಕೊಂಡ್ರೆ ಮೊದಲು ಯಾರ ಮಾತು ಕೇಳ್ಬೇಕು?”

ಬೀಗರು ಬೀದಿಯ ಆಚೆ ಈಚೆ ನೋಡಿದರು. ಬಸ್ಸು ಕಾಯುವವರು, ಅಂಗಡಿ ಮುಚ್ಚುವವರು, ಎಲ್ಲರೂ ಕತ್ತೆತ್ತಿ ನಿಂತಿದ್ದರು.

“ನಿನ್ನ ಅಮ್ಮನ ಮಾತು!” ಎಂದು ಕೂಗಿದರು.

“ಕೇಳಿಸ್ಲಿಲ್ಲ!”

“ನಿನ್ನ ಅಮ್ಮನ ಮಾತು ತಾಯೀ, ನಿನ್ನ ಅಮ್ಮನ ಮಾತು!”

ಸರಳಿನ ಸಂದಿಯಿಂದ ಗೊಂಚಲು ಹಾರಿ ಬಂದು ಬೇಲಿಯ ಗಿಡಗಳ ನಡುವೆ ಝಣ್ ಎಂದು ಬಿತ್ತು. ಬೀಗರು ನೆಲಕ್ಕೆ ಕೈಯೂರಿ ಗಿಡದೊಳಗೆ ತಲೆ ತೂರಿಸಿ ಹುಡುಕಿದರು. ಮೇಲಿನಿಂದ ಇಡೀ ಮಹಡಿ “ಎಡಕ್ಕೆ ಅಂಕಲ್! ಅಲ್ಲಲ್ಲ, ಬಲಕ್ಕೆ!” ಎಂದು ದಾರಿ ಹೇಳಿತು. ಕೊನೆಗೆ ತಲೆಗೂದಲ ತುಂಬ ಎಲೆ ಮುಡಿದುಕೊಂಡು, ಗೊಂಚಲು ಹಿಡಿದು ಎದ್ದು ನಿಂತರು.

ಎದುರಿಗೆ ಹೆಂಡತಿ ಕೈ ಚಾಚಿ ನಿಂತಿದ್ದರು. ಬೀಗರು ಮರುಮಾತಾಡದೆ ಗೊಂಚಲನ್ನು ಆ ಕೈಗಿಟ್ಟರು.